ಜೀವಂತ ಇದ್ದೇವೆ ಎಂಬುದಕ್ಕೆ ಇಬ್ಬರು ಸಾಕ್ಷಿ

ಕಳೆದ ನವೆಂಬರ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಚೆನ್ನೈನ ಅಣ್ಣಾ ನಗರದ ಒಂದು ಬ್ಯಾಂಕ್ ಶಾಖೆಯಲ್ಲಿ, ನನ್ನ ಸೋದರಮಾವ ಬದುಕಿದ್ದಾರೆ ಎಂಬುದನ್ನು ಬೆರಳಚ್ಚಿನ ಯಂತ್ರ ಮೂರು ಸಲ ಒಪ್ಪಲಿಲ್ಲ.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಬೇಕು. ಇದಕ್ಕೆ ಜೀವಿತ ಪ್ರಮಾಣಪತ್ರ ಎಂದು ಹೆಸರು. ಸಾಲಿನಲ್ಲಿ ನಿಂತವರೆಲ್ಲ ಹೇಳುವುದು ಲೈಫ್ ಸರ್ಟಿಫಿಕೇಟ್ ಎಂದೇ. ಹಿಂದೆ ಅಧಿಕಾರಿಯ ಎದುರು ಸಹಿ ಹಾಕಿದರೆ ಸಾಕಿತ್ತು. ಈಗ ಯಂತ್ರದ ಮೇಲೆ ಹೆಬ್ಬೆರಳು ಇಡಬೇಕು. ಮಾವನಿಗೆ ಎಪ್ಪತ್ತೆಂಟು ವರ್ಷ. ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಬ್ರೇಕಿನ ಚಕ್ರ ತಿರುಗಿಸಿ ತಿರುಗಿಸಿ ಅವರ ಬೆರಳಿನ ಗೆರೆಗಳು ಸವೆದಿವೆ.

"ತಾತಾ, ಇನ್ನೊರು ವಾಟಿ ವೈಂಗ" ಎಂದು ಕೌಂಟರಿನ ಹುಡುಗಿ ಮತ್ತೊಮ್ಮೆ ಬೆರಳಿಡಲು ಹೇಳಿದಳು. ಮಾವ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ ಇಟ್ಟರು. ಕೆಂಪು ದೀಪ ಹತ್ತಿತು.

"ಗಾರ್ಡ್ ಸಾಹೇಬ್ರ, ಸಿಗ್ನಲ್ ಬಿದ್ದಿಲ್ಲ. ಗಾಡಿ ಹೊರಗ ನಿಲ್ಲಸ್ರಿ" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಸಾಲಿನಲ್ಲಿದ್ದವರು ನಕ್ಕರು. ಬೇರೆ ದಿನವಾಗಿದ್ದರೆ ಮಾವ ಇದಕ್ಕೆ ಎರಡು ಮಾತು ಸೇರಿಸಿ ವಾಪಸ್ ಕೊಡುತ್ತಿದ್ದರು. ಅವತ್ತು ಸುಮ್ಮನೆ ಬಂದು ಬೆಂಚಿನ ಮೇಲೆ ಕುಳಿತರು. ಶಾಖೆಯ ಸಾಹೇಬರು ಹನ್ನೊಂದೂವರೆಗೆ ಬರುತ್ತಾರೆ, ಅವರ ಫೋನಿನಲ್ಲಿ ಮುಖದ ಫೋಟೊ ತೆಗೆದು ಪ್ರಯತ್ನಿಸೋಣ ಎಂದು ಹುಡುಗಿ ಹೇಳಿದ್ದಳು.

ಕೂಗಿದವರು ಧಾರವಾಡದವರು. ಇನ್ನೊಂದು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು, ಎಪ್ಪತ್ತೆರಡು ವರ್ಷ. ಮದ್ರಾಸು ಚೆನ್ನೈ ಆಗುವುದಕ್ಕೆ ಮೊದಲೇ ಬಂದಿದ್ದರೂ ಅವರ ಮಾತು ಇಂದಿಗೂ ಧಾರವಾಡದ್ದೇ. ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವರು ವಿಮೆ ಮೇಡಂ. ಮೈಸೂರು ಕಡೆಯವರು, ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಇಡೀ ವೃತ್ತಿಜೀವನ ಕಳೆದವರು. ನಾಲ್ಕನೆಯವಳು ನಾನು. ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ಸುದ್ದಿ ತಿದ್ದುತ್ತಿದ್ದೆ. ನಮ್ಮ ಪಿಂಚಣಿ ಬರುವುದು ಇದೇ ಶಾಖೆಗೆ. ಪರಿಚಯವಾದದ್ದು ಆರು ವರ್ಷದ ಹಿಂದೆ, ಇದೇ ನವೆಂಬರ್ ಸಾಲಿನಲ್ಲಿ, ಮಾವ ಯಾವ ಕೊಡೆ ಯಾರದ್ದೆಂದು ಕನ್ನಡದಲ್ಲಿ ಕೇಳಿದಾಗ.

ಪರಿಚಯವಾದ ಆ ದಿನ ಸರ್ಟಿಫಿಕೇಟ್ ಕೆಲಸ ಮುಗಿಸಿ ನಾಲ್ವರೂ ತ್ರಿಪ್ಲಿಕೇನ್‌ನ ಒಂದು ಹಳೆಯ ಮೆಸ್ಸಿಗೆ ಊಟಕ್ಕೆ ಹೋದೆವು. ಎಲೆ ಹಾಕಿದ ಮೇಲೆ ಧಾರವಾಡದವರು ಒಂದು ಪ್ರಶ್ನೆ ಎತ್ತಿದರು.

"ನಾವು ಜೀವಂತ ಅದೇವಿ ಅಂತ ಬ್ಯಾಂಕಿನವ್ರು ಬರಕೊಂಡ್ರಲ್ರೀ, ಏನ್ ನೋಡಿ ಬರಕೊಂಡ್ರು? ಹೆಬ್ಬಟ್ಟ ನೋಡಿ. ಹೆಬ್ಬಟ್ಟ ಬಿಟ್ಟ ಉಳದ ಭಾಗ ಜೀವಂತ ಐತೋ ಇಲ್ಲೋ ಯಾರು ನೋಡಬೇಕು?"

ವಿಮೆ ಮೇಡಂ ಸಾಂಬಾರು ಕಲಸುತ್ತಾ, "ನಾನು ಅಷ್ಟು ವರ್ಷ ಸತ್ತಿದ್ದಕ್ಕೆ ಪ್ರೂಫ್ ಕೇಳಿದೀನಿ ಸಾರ್. ಬದುಕಿದ್ದಕ್ಕೆ ಪ್ರೂಫ್ ಕೇಳೋ ಡಿಪಾರ್ಟ್‌ಮೆಂಟೇ ಇರ್ಲಿಲ್ಲ" ಎಂದರು.

ಎರಡನೇ ಸಲ ಅನ್ನ ಬರುವುದರೊಳಗೆ ನಿಯಮಗಳು ತಯಾರಾದವು. ವರ್ಷಕ್ಕೊಂದು ಸಲ, ಇದೇ ಮೆಸ್ಸಿನಲ್ಲಿ, ಪ್ರತಿಯೊಬ್ಬರೂ ಆ ವರ್ಷ ಮಾಡಿದ ಒಂದು ಕೆಲಸ ಹೇಳಬೇಕು. ಅದು ಜೀವನದಲ್ಲಿ ಮೊದಲ ಸಲ ಮಾಡಿದ್ದಾಗಿರಬೇಕು. ಯಾರೂ ಹೇಳಿ ಮಾಡಿಸಿದ್ದಾಗಿರಬಾರದು. ಮಾಡುವ ಮುಂಚೆ ಹೊಟ್ಟೆಯಲ್ಲಿ ಒಂದಿಷ್ಟಾದರೂ ನಡುಕ ಹುಟ್ಟಿರಬೇಕು. ಉಳಿದವರು ಪ್ರಶ್ನೆ ಕೇಳಿ, ಒಪ್ಪಿಗೆಯಾದರೆ ಸಹಿ ಹಾಕುತ್ತಾರೆ. ದಾಖಲೆ ಇಡುವ ಕೆಲಸ ನನಗೆ ಬಂತು. ನನ್ನನ್ನು ಎಡಿಟರಮ್ಮ ಎಂದು ಕರೆಯತೊಡಗಿದ್ದೂ ಅಂದಿನಿಂದಲೇ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಯಾರು, ಏನು, ಎಂದು, ಎಲ್ಲಿ ಎಂದು ಅಂಕಣ ಹಾಕಿ, ಕೊನೆಗೆ 'ಸಾಕ್ಷಿ' ಎಂಬುದನ್ನೂ ಸೇರಿಸಿದೆ.

ಪತ್ರಿಕೆಯಲ್ಲಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದ ಮನಃಶಾಸ್ತ್ರದ ಅಂಕಣವನ್ನು ನಾನೇ ತಿದ್ದುತ್ತಿದ್ದೆ. ಸಾವು ಖಚಿತ ಎಂದು ಗೊತ್ತಿದ್ದ ಮೇಲೆ ಉಳಿದ ದಿನಗಳನ್ನು ಹೇಗೆ ಬದುಕುತ್ತೀರಿ, ಅದು ನಿಮ್ಮದೇ ಬದುಕೋ ಯಾರೋ ಒಪ್ಪಲಿ ಎಂದು ನಡೆಸುತ್ತಿರುವುದೋ ಎಂದು ಕೇಳುವ ಒಂದು ಶಾಖೆ ಆ ಶಾಸ್ತ್ರದಲ್ಲಿದೆ. ಅಂಕಣ ಬರೆಯುತ್ತಿದ್ದ ವೈದ್ಯರಿಗೆ ಅದು ಪ್ರಿಯ. ಜಾಗ ಸಾಲದಾಗ ನಾನು ಮೊದಲು ತೆಗೆಯುತ್ತಿದ್ದದ್ದು 'ಅರ್ಥಪೂರ್ಣ' ಎಂಬ ಪದವನ್ನು. ಅದು ಇಲ್ಲದಿದ್ದರೂ ವಾಕ್ಯ ನಿಲ್ಲುತ್ತಿತ್ತು. ಮೆಸ್ಸಿನ ನೋಟ್‌ಬುಕ್ಕಿನಲ್ಲೂ ಆ ಪದ ಒಂದು ಸಲವೂ ಬಂದಿಲ್ಲ.

ಅದರಲ್ಲಿರುವುದು ಇಂಥವು. ವಿಮೆ ಮೇಡಂ ಶನಿವಾರ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದು ಮಗಳಿಗೆ ಹೇಳಿ, ಒಬ್ಬರೇ ಸಿನಿಮಾಕ್ಕೆ ಹೋಗಿ ಮಧ್ಯಂತರದಲ್ಲಿ ಎರಡು ಸಮೋಸ ತಿಂದದ್ದು. ಧಾರವಾಡದವರು ಜೋಳದ ರೊಟ್ಟಿ ಬಡಿಯಲು ಕಲಿತು, ಸುಟ್ಟದ್ದನ್ನೇ ಬೀಗರಿಗೆ ಬಡಿಸಿದ್ದು. ಅದೇ ವರ್ಷ ನಾನು ಮದುವೆ, ತಿಥಿ, ಆಸ್ಪತ್ರೆ ಯಾವ ಕಾರಣವೂ ಇಲ್ಲದೆ ರೈಲು ಹತ್ತಿ ಕಾಟ್ಪಾಡಿಗೆ ಹೋಗಿ, ಪ್ಲಾಟ್‌ಫಾರಮ್ಮಿನಲ್ಲಿ ಕಾಫಿ ಕುಡಿದು ವಾಪಸ್ ಬಂದದ್ದು. "ಇದ್ರಲ್ಲಿ ನಡುಕ ಎಲ್ಲಿಂದ ಬಂತಮ್ಮ?" ಎಂದು ಮಾವ ಆಕ್ಷೇಪಿಸಿದ್ದರು. ಎಲ್ಲಿಗೆ ಹೋಗುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಏನು ಹೇಳುವುದೆಂಬ ನಡುಕ ಎಂದೆ. ಸಹಿ ಬಿತ್ತು.

ಅತಿ ದೊಡ್ಡ ದಾಖಲೆ ಮಾವನದ್ದು. ಅದಾದದ್ದು ಹಿಂದಿನ ವರ್ಷದ ನವೆಂಬರಿನಲ್ಲಿ, ಎಂದರೆ ಯಂತ್ರ ಕೈಕೊಟ್ಟ ದಿನಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ. ಎಪ್ಪತ್ತೇಳನೇ ವಯಸ್ಸಿನಲ್ಲಿ, ಬೀಚಿನ ಪಕ್ಕದ ಈಜುಕೊಳಕ್ಕೆ ಇಪ್ಪತ್ತು ದಿನ ಹೋಗಿ ಈಜು ಕಲಿತೆ ಎಂದು ಅವರು ಹೇಳಿದರು. ಬಾಯಲ್ಲಿ ಉಸಿರು ತಗೊಂಡು ನೀರೊಳಗೆ ಮೂಗಿನಿಂದ ಬಿಡಬೇಕು, ಕಾಲು ಮಂಡಿಯಿಂದ ಬಡಿಯದೆ ತೊಡೆಯಿಂದ ಬಡಿಯಬೇಕು ಎಂದು ಎಲೆಯ ಮುಂದೆ ಕೂತೇ ಕೈ ಬೀಸಿ ತೋರಿಸಿದರು. ಪಕ್ಕದವರ ರಸಂ ಚೆಲ್ಲಿತು. ಮೂವರೂ ಪ್ರಶ್ನೆಯಿಲ್ಲದೆ ಸಹಿ ಹಾಕಿದೆವು. ಸಾಕ್ಷಿಯ ಅಂಕಣವನ್ನು ನಾನು ಖಾಲಿ ಬಿಟ್ಟೆ. ಎರಡನೇ ಮೂಲವಿಲ್ಲದ ಸುದ್ದಿಯನ್ನು ವೃತ್ತಿಯಲ್ಲಿ ಒಂದು ಸಲವೂ ಅಚ್ಚಿಗೆ ಬಿಟ್ಟವಳಲ್ಲ. ಮಾವನ ಮಾತೆಂದು ಸಾಕ್ಷಿ ಕೇಳದೆ ಬಿಟ್ಟೆ.

ಧಾರವಾಡದವರಿಗೆ ಆ ಊಟ ತಲೆಯಲ್ಲೇ ಉಳಿಯಿತು. ಎಪ್ಪತ್ತೇಳರವರು ಕಲಿತರೆ ನಾನೇಕೆ ಕಲಿಯಬಾರದು ಎಂದು ಮರುವಾರವೇ ಆ ಕೊಳಕ್ಕೆ ಸೇರಿದರು. ಏನಾದರೂ ತೊಡಕಾದರೆ ಮಾವನಿಗೆ ಫೋನ್. ಮಾವ ಫೋನಿನಲ್ಲೇ ಹೇಳಿಕೊಡುತ್ತಿದ್ದರು. ಬೇಸಿಗೆಯ ಹೊತ್ತಿಗೆ ಅವರು ಕೊಳದ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದ್ದರು.

ಇಷ್ಟು ಹಿನ್ನೆಲೆ. ಈಗ ಬ್ಯಾಂಕಿನ ಬೆಂಚಿಗೆ ಬರುತ್ತೇನೆ. ಉಳಿದಿಬ್ಬರೂ ಕೌಂಟರಿನಲ್ಲಿದ್ದಾಗ ಮಾವ ನನ್ನ ಕಡೆ ವಾಲಿದರು.

"ನಂಗೆ ತಲೆನೋವು ಅಂತ ಅವರಿಗೆ ಹೇಳ್ಬಿಡಮ್ಮ. ನಾನು ಇಲ್ಲಿಂದ ಹಾಗೇ ಮನೆಗೆ ಹೋಗ್ತೀನಿ."

"ತಲೆನೋವು ಇದೆಯಾ ಮಾವ?"

"ಇಲ್ಲ."

"ಮತ್ತೆ?"

"ನಿನ್ನೆ ಫೋನ್ ಮಾಡಿದ್ದ ಧಾರವಾಡದಾತ. ಊಟ ಆದ್ಮೇಲೆ ನಾಲ್ಕು ಗಂಟೆ ಬ್ಯಾಚಿಗೆ ಇಬ್ರೂ ಒಟ್ಟಿಗೆ ಪೂಲ್‌ಗೆ ಇಳಿಯೋಣ ಅಂದ." ಮಾವ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ನಂಗೆ ಈಜು ಬರಲ್ಲ."

ಎದುರಿನವರು ಮಾತಾಡುತ್ತಿದ್ದರೆ ಸುಮ್ಮನಿರಬೇಕೆಂಬುದು ವರದಿಗಾರಿಕೆಯ ಮೊದಲ ಪಾಠ.

"ಇಪ್ಪತ್ತು ದಿನ ಹೋಗಿದ್ದು ನಿಜ ಕಣಮ್ಮ. ಟಿಕೆಟ್ ತಗೊಂಡಿದ್ದು ನಿಜ. ಪ್ಯಾಂಟ್ ಒಳಗೆ ಈಜುಚಡ್ಡಿ ಹಾಕ್ಕೊಂಡೇ ಹೋಗ್ತಿದ್ದೆ. ಮೆಟ್ಟಿಲ ಮೇಲೆ ಕೂತ್ಕೊಂಡು ಎಲ್ಲಾರೂ ಈಜೋದು ನೋಡ್ತಿದ್ದೆ. ನಾಳೆ ಇಳಿಯೋಣ, ನಾಳೆ ಇಳಿಯೋಣ ಅಂತ. ಬರೋವಾಗ ನಲ್ಲೀಲಿ ತಲೆ, ಟವೆಲ್ ಎರಡೂ ಒದ್ದೆ ಮಾಡ್ಕೊಂಡು ಬರ್ತಿದ್ದೆ. ಕೆಲಸದಲ್ಲೂ ಅಷ್ಟೇ, ಕೊನೇ ಡಬ್ಬಿ ನಂದು. ಮುಂದೆ ಏನೇ ಆದ್ರೂ ನಂಗೆ ಕಾಣ್ಸೋದು ಆಮೇಲೆ."

"ಧಾರವಾಡದವರಿಗೆ ಹೇಗೆ ಕಲಿಸಿದಿರಿ?"

"ನೋಡಿ ನೋಡಿ ಎಲ್ಲಾ ಬಾಯಿಪಾಠ ಆಗೋಗಿತ್ತು."

ನಗು ಬಂತು, ನಗಲಿಲ್ಲ. ಅವರ ಮುಖ ಹಾಗಿತ್ತು. ಅವರಿಗೆ ಊರಿನಲ್ಲಿ ಬಂಧುಬಳಗ ಬೇಕಾದಷ್ಟಿದೆ, ಮನೆಯಲ್ಲಿ ಅತ್ತೆ, ಮಗ, ಸೊಸೆ, ತಮಿಳಿನಲ್ಲೇ ಉತ್ತರಿಸುವ ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಆದರೆ ಆ ಮನೆಯಲ್ಲಿ ಅವರು ತಾತ, ಮಾವ, ಅಪ್ಪ. ವರ್ಷದಲ್ಲಿ ಒಂದು ದಿನ ತಾವು ತಾವಾಗಿ ಕೂರುತ್ತಿದ್ದದ್ದು ಈ ಮೆಸ್ಸಿನ ಮೇಜಿನಲ್ಲಿ. ನಿಜ ಹೇಳಿದರೆ ಆ ಮೇಜು ಹೋಗುತ್ತದೆ ಎಂಬುದು ಅವರ ಲೆಕ್ಕ. ಹೇಳದಿದ್ದರೆ ನಾಲ್ಕು ಗಂಟೆಗೆ ಈಜುಕೊಳ.

"ತಲೆನೋವು ಅಂತ ನಾನು ಹೇಳಲ್ಲ ಮಾವ. ಬೇಕಾದರೆ ನೀವೇ ಹೇಳಿ. ಸುದ್ದಿ ನಿಮ್ಮದು" ಎಂದೆ.

"ನೀನು ನಿಮ್ಮಮ್ಮನ ಹಂಗೇ. ಒಂದು ಸುಳ್ಳು ಕೂಡ ಸಾಲ ಕೊಡಲ್ಲ."

ಹನ್ನೊಂದೂಮುಕ್ಕಾಲಿಗೆ ಸಾಹೇಬರು ಬಂದರು. ಹುಡುಗಿ ಅವರ ಫೋನನ್ನು ಮಾವನ ಮುಖದ ಮುಂದೆ ಹಿಡಿದು, "ಕಣ್ ಸಿಮಿಟ್ಟುಂಗ ತಾತಾ" ಎಂದಳು. ಮಾವ ಎರಡು ಸಲ ಕಣ್ಣು ಮಿಟುಕಿಸಿದರು. ಹಸಿರು ಗುರುತು ಬಂತು. ಮಾವ ಇನ್ನೊಂದು ವರ್ಷಕ್ಕೆ ಜೀವಂತ ಎಂದು ದಾಖಲಾಯಿತು.

ಹೊರಗೆ ಮಳೆ ಜಿನುಗುತ್ತಿತ್ತು. ಮನೆಗೆ ಹೋಗುವ ದಾರಿ ಎಡಕ್ಕೆ, ಮೆಟ್ರೊ ನಿಲ್ದಾಣ ಬಲಕ್ಕೆ. ಮಾವ ಕೊಡೆ ಬಿಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಲಕ್ಕೆ ತಿರುಗಿ ನಮಗಿಂತ ಮುಂದೆ ನಡೆದರು. ಏಕೆ ಬಂದಿರಿ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. "ಬರೀ ಕಣ್ಣು ಮಿಟುಕಿಸಿ ಬದುಕಿದೀನಿ ಅಂತ ಅನ್ನಿಸ್ಕೊಂಡು ಮನೆಗೆ ಹೋಗಕ್ಕೆ ನಾಚಿಕೆ ಆಯ್ತು" ಎಂದರು.

ಮೆಸ್ಸಿನಲ್ಲಿ ಗೋಡೆ ಪಕ್ಕದ ಮೇಜು ಸಿಕ್ಕಿತು. ಎಲೆಗೆ ನೀರು ಚಿಮುಕಿಸುವುದಕ್ಕೂ ಬಿಡದೆ ಧಾರವಾಡದವರು ಕಾಲ ಬಳಿಯಿದ್ದ ಚೀಲ ಎತ್ತಿದರು.

"ಎಡಿಟರಮ್ಮಾರ, ಮೊದಲ ನಂದ ಬರಕೋರಿ. ಪೂಲಿನ ಈ ದಂಡಿಯಿಂದ ಆ ದಂಡಿಗೆ, ನಡುವ ಎಲ್ಲೂ ನಿಲ್ಲದ. ಸಾಕ್ಷಿ ಅಲ್ಲಿಯ ಕೋಚ್. ಇನ್ನ ಇದು ಗಾರ್ಡ್ ಸಾಹೇಬ್ರಿಗೆ." ಚೀಲದೊಳಗಿಂದ ಹೊಸ ನೀಲಿ ಈಜುಚಡ್ಡಿ ತೆಗೆದು ಅಪ್ಪಳದ ಪಕ್ಕ ಇಟ್ಟರು. "ಗುರುದಕ್ಷಿಣಾ."

ಬಡಿಸಲು ಬಂದವನು ಪಲ್ಯದ ಬಕೆಟ್ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತ.

ಮಾವ ಚಡ್ಡಿಯನ್ನು ನೀಟಾಗಿ ಮಡಿಸಿ ಎಲೆಯಿಂದ ಆಚೆ ಇಟ್ಟರು. ಆಮೇಲೆ ಹೇಳಿದರು. ಬೆಂಚಿನ ಮೇಲೆ ನನಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ. ಟಿಕೆಟ್, ಮೆಟ್ಟಿಲು, ನಲ್ಲಿ, ಟವೆಲ್. ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ತಪ್ಪಾಯ್ತು" ಎಂದರು.

ಧಾರವಾಡದವರು ಚೀಲವನ್ನು ಮಡಿಚುತ್ತಾ ಹೋದರು. ಅದು ಅಂಗೈಯಷ್ಟಾಯಿತು.

"ನಾ ಎಂಟ ಫೂಟ್ ನೀರಿನ್ಯಾಗ ನಿಮ್ಮ ಮಾತ ನಂಬಿ ಕೈ ಬಿಟ್ಟೇನ್ರೀ ಸಾಹೇಬ್ರ. ಮುಳುಗಿದ್ದರ?"

"ಕೋಚ್ ಇದ್ದ."

"ಕೋಚ್ ಅಂವಾ ತಮಿಳಿನ್ಯಾಗ ಒದರತಿದ್ದ. ಅಂಜಿಕಿ ಹತ್ತಿದಾಗ ನನಗ ತಿಳಿತಿದ್ದದ್ದ ನಿಮ್ಮ ಮಾತ ಒಂದ."

ಮಾವ ತಲೆ ಬಗ್ಗಿಸಿದರು. ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಮಾತು ಆರಂಭಿಸಿದವರು ವಿಮೆ ಮೇಡಂ. ಕ್ಲೇಮ್ ವಿಭಾಗದ ದನಿಯಲ್ಲಿ, ಬೆರಳು ಮಡಚುತ್ತಾ ಹೇಳಿದರು.

"ಹೋದ ವರ್ಷದ ಕ್ಲೇಮ್ ರಿಜೆಕ್ಟ್. ಅದು ಫ್ರಾಡ್. ಈ ವರ್ಷದ್ದು ನೋಡೋಣ. ಸಾರ್, ಜೀವನದಲ್ಲಿ ಯಾವತ್ತಾದ್ರೂ ಹೀಗೆ ನಾಲ್ಕು ಜನದ ಎದುರು ಸುಳ್ಳು ಒಪ್ಕೊಂಡಿದ್ರಾ?"

"ಇಲ್ಲ."

"ಯಾರಾದ್ರೂ ಹೇಳಿ ಮಾಡ್ಸಿದ್ರಾ? ಎಡಿಟರಮ್ಮ?"

"ನಾನು ಹೇಳಿಲ್ಲ" ಎಂದೆ.

"ನಡುಕ?"

ಮಾವ ಕೈ ಚಾಚಿ ತೋರಿಸಿದರು.

"ಎಲ್ಲಾ ಕರೆಕ್ಟಾಗಿದೆ. ಎಲಿಜಿಬಲ್. ನಾನು ಸಹಿ ಹಾಕ್ತೀನಿ, ಆದ್ರೆ ಮೊದಲು ಮೋರ್ ಹಾಕ್ಲಿ" ಎಂದು ಅವರು ಮಜ್ಜಿಗೆಗೆ ಲೋಟ ಮುಂದಿಟ್ಟರು.

"ನಾ ಹಾಕೂದಿಲ್ಲ" ಎಂದರು ಧಾರವಾಡದವರು. ಎದ್ದು ಕೈ ತೊಳೆಯಲು ಹೋದರು. ಎಲೆಯಲ್ಲಿ ಅನ್ನ ಹಾಗೇ ಇತ್ತು. ಮಾವ ಅತ್ತ ನೋಡಲಿಲ್ಲ.

ಧಾರವಾಡದವರು ಕೈ ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು. ವಾಪಸ್ ಬಂದಾಗ ಹೆಗಲು ಅಲುಗುತ್ತಿತ್ತು. ಕೋಪವೆಂದುಕೊಂಡೆ. ಅವರು ನಗುತ್ತಿದ್ದರು.

"ಅಂದ್ರ ನನಗ ಈಜ ಕಲಿಸಿದಾಂವಗ ಈಜ ಬರಂಗಿಲ್ಲ! ಇದನ್ನ ನಮ್ಮ ಮನಿಯಾಗ ಹ್ಯಾಂಗ ಹೇಳ್ಲಿ?" ಕುರ್ಚಿ ಎಳೆದು ಕೂತರು. "ಸಹಿ ಹಾಕತೇನಿ. ಇಲ್ಲಿ ಅಲ್ಲ. ನೀರಿನ್ಯಾಗ ಇಳೀರಿ, ಅಲ್ಲೇ ಹಾಕತೇನಿ. ಏ ತಮ್ಮಾ, ಸಾದಂ ಕೊಂಡಾ."

ಬಡಿಸುವವನು ಅನ್ನ ತಂದ. ಎರಡು ಅಪ್ಪಳ ಹೆಚ್ಚಿಗೆ ಇಟ್ಟ.

ನಾಲ್ಕು ಗಂಟೆಗೆ ಮಳೆ ನಿಂತಿತ್ತು. ವಿಮೆ ಮೇಡಂ ಮತ್ತು ನಾನು ಮೆಟ್ಟಿಲ ಮೇಲೆ ಕುಳಿತೆವು. ಮಾವ ಇಪ್ಪತ್ತು ದಿನ ಕುಳಿತಿದ್ದ ಮೆಟ್ಟಿಲು ಅದು. ಅವರು ಹೊಸ ನೀಲಿ ಚಡ್ಡಿಯಲ್ಲಿ ಹೊರಬಂದರು. ಸೊಂಟಕ್ಕೆ ಅದು ದೊಡ್ಡದಾಗಿತ್ತು. ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ಏಣಿ ಇಳಿಯತೊಡಗಿದರು. ಧಾರವಾಡದವರು ಆಗಲೇ ನೀರಿನಲ್ಲಿ ನಿಂತು, "ಹಸಿರ ಸಿಗ್ನಲ್ ಐತ್ರೀ, ಬರ್ರಿ" ಎನ್ನುತ್ತಿದ್ದರು.

ಏಣಿಯ ಮೊದಲ ಮೆಟ್ಟಿಲಿನಲ್ಲಿ ಮಾವ ಸುಮಾರು ಐದು ನಿಮಿಷ ನಿಂತರು. "ತಣ್ಣಗಿದೆ" ಎಂದರು. "ತಣ್ಣಗಿದೆ ಕಣಯ್ಯಾ" ಎಂದು ಮತ್ತೆ ಹೇಳಿದರು. ಮೆಟ್ಟಿಲ ಮೇಲಿಂದ ವಿಮೆ ಮೇಡಂ, "ಸಾರ್, ನಂಗೆ ಆರು ಗಂಟೆಗೆ ಮೊಮ್ಮಗಳ ಡ್ಯಾನ್ಸ್ ಕ್ಲಾಸು" ಎಂದು ಕೂಗಿದರು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಗೋಡೆಯ ಕಂಬಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ತಲೆಯ ಮೇಲೆ ಎತ್ತಿ ಒಂದು ಸಲ ಆಡಿಸಿದರು. ರೈಲು ಹೊರಡುವ ಮುಂಚೆ ಗಾರ್ಡ್ ಹಸಿರು ಬಾವುಟ ತೋರಿಸುವ ರೀತಿಯೇ ಅದು. ಆಮೇಲೆ ಮುಖವನ್ನು ನೀರೊಳಗೆ ಅದ್ದಿದರು.

ಗುಳ್ಳೆಗಳು ಬಂದವು. ಮೂಗಿನಿಂದಲೇ ಬಿಟ್ಟಿದ್ದರು.

ಧಾರವಾಡದವರು ಕೊಳದ ಅಂಚಿಗೆ ಬಂದು ನೋಟ್‌ಬುಕ್ ಕೇಳಿದರು. ಒದ್ದೆ ಕೈಯಲ್ಲಿ ಹಾಕಿದ ಸಹಿ ಹರಡಿಕೊಂಡಿದೆ, ಆದರೆ ಓದಬಹುದು. ಹಿಂದಿನ ವರ್ಷದ ಪುಟ ತೆರೆದು, ಈಜಿನ ದಾಖಲೆಯ ಕೆಳಗೆ ನಾನು ತಿದ್ದುಪಡಿ ಬರೆದೆ: ಮೇಲಿನದು ತಪ್ಪು. ಅವರು ಇಪ್ಪತ್ತು ದಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಸಾಕ್ಷಿ ಕೇಳದೆ ದಾಖಲಿಸಿದ್ದು ದಾಖಲೆಗಾರ್ತಿಯ ಲೋಪ.

ಸಂಜೆ ಮಾವನನ್ನು ಮನೆಗೆ ಬಿಡಲು ಹೋದೆ. ಅತ್ತೆ ಬಾಗಿಲಲ್ಲೇ ಟವೆಲ್ ಇಸಿದುಕೊಂಡು ಮೂಸಿ ನೋಡಿದರು. ನೀಲಿ ಚಡ್ಡಿಯನ್ನೂ ಮೂಸಿದರು.

"ಪರವಾಗಿಲ್ಲ, ಇವತ್ತು ಇಳಿದಿದಾರೆ" ಎಂದರು ನನಗೆ.

"ನಿಮಗೆ ಗೊತ್ತಿತ್ತಾ ಅತ್ತೆ?"

"ಇಪ್ಪತ್ತು ದಿನ ಟವೆಲ್ ಒದ್ದೆ, ಚಡ್ಡಿ ಒಣ. ಒಗೆಯೋಳು ನಾನಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಪೇಪರ್‌ನೋಳು. ಬಂದು ಕೇಳಿದ್ಯಾ?"

ಮಾವ ಒಳಗಿನಿಂದ ಕಾಫಿ ಕೇಳಿದರು. ಅತ್ತೆ ಚಡ್ಡಿ ಹಿಂಡಿ ಬಾಲ್ಕನಿಯ ತಂತಿಯ ಮೇಲೆ ಹಾಕಿ, ಸೊಂಟದ ಎಲಾಸ್ಟಿಕ್ ಎಳೆದು ನೋಡಿ, ಎರಡಂಗುಲ ಹಿಡಿಯಬೇಕು ಎಂದರು.

ಅಂದಿನಿಂದ ಮಾವ ಮಂಗಳವಾರ ಮತ್ತು ಶುಕ್ರವಾರ ಕೊಳಕ್ಕೆ ಹೋಗುತ್ತಿದ್ದಾರೆ. ಧಾರವಾಡದವರು ಜೊತೆಗೆ ಇರುತ್ತಾರೆ. ಕಲಿಸುವುದು ಈಗ ಅವರು. ಕಾಲು ಬಡಿಯುವ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿಲ್ಲ.

ಕಳೆದ ಶುಕ್ರವಾರ ಮಾವ ಕಂಬಿ ಬಿಟ್ಟು ಏಳು ಸೆಕೆಂಡು ತೇಲಿದರು. ಸಾಕ್ಷಿ ಇಬ್ಬರು: ಧಾರವಾಡದವರು, ಅತ್ತೆ.